ಇಟಾಲಿಯನ್ನಿಗೆ ಇಂಗ್ಲಿಷಿನ ಬಾಗಿಲು ಬೇಡ

ಕಾಚಿಗುಡ, ಹೈದರಾಬಾದ್

ಚಿರಂಜೀವಿ ಮಗಳಿಗೆ,

ಮಿಲಾನಿನಲ್ಲಿ ಎಂಜಿನಿಯರಿಂಗ್ ಓದಲು ಸೀಟು ಸಿಕ್ಕಿತೆಂದು ಅಣ್ಣ ಫೋನ್ ಮಾಡಿದ. ಬಹಳ ಸಂತೋಷ. ಪಾಠವೆಲ್ಲ ಇಂಗ್ಲಿಷಿನಲ್ಲೇ ಇರುವಾಗ ಇಟಾಲಿಯನ್ ಯಾಕೆ ಕಲಿಯಬೇಕು ಎಂದು ನೀನು ಕೇಳಿದೆಯಂತೆ. ಅಲ್ಲಿ ಇಳಿದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ಅದನ್ನು ಕೊಡುವುದು ಅಂಚೆ ಕಚೇರಿಯಲ್ಲಿ. ಕೌಂಟರಿನಲ್ಲಿ ಕೂತವರಿಗೆ ಇಂಗ್ಲಿಷ್ ಬರಬೇಕೆಂಬ ಕಟ್ಟಳೆ ಏನಿಲ್ಲ. ಮುಂದೆ ಅಲ್ಲೇ ಕೆಲಸ ಹಿಡಿದು ದೀರ್ಘಾವಧಿ ಪರವಾನಗಿ ಕೇಳಿದರೆ ಎ2 ಮಟ್ಟದ ಇಟಾಲಿಯನ್ ಬರುತ್ತದೆಂದು ತೋರಿಸಬೇಕು. ಕಾರಣ ಇಷ್ಟು ಸಾಕು. ನಿನ್ನ ಹಾಗೆಯೇ ಹೊರಟು ನಿಂತಿರುವ ಬೇರೆ ಮನೆಯ ಮಕ್ಕಳಿಗೂ ಉಪಯೋಗವಾಗಲಿ ಎಂದು ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಹೇಳಬೇಕಾದದ್ದು ಒಂದೇ. ಇಟಾಲಿಯನ್ನನ್ನು ಇಂಗ್ಲಿಷಿನ ಮೂಲಕ ಕಲಿಯಬೇಡ. ನಿನ್ನ ಬಾಯಿ ಕನ್ನಡದ್ದು, ಅರ್ಧ ಕೆಲಸ ಅಲ್ಲೇ ಮುಗಿದಿದೆ.

ಇಲ್ಲಿ ನಮ್ಮ ತೆಲುಗು ಸ್ನೇಹಿತರು ತಮ್ಮ ಭಾಷೆ ಪೂರ್ವದ ಇಟಾಲಿಯನ್ ಎಂದು ಹೆಮ್ಮೆಯಿಂದ ಹೇಳುವುದನ್ನು ನೀನೂ ಕೇಳಿದ್ದೀಯ. 15ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ವೆನಿಸ್ಸಿನ ನಿಕೊಲೊ ದೆ ಕೊಂತಿಯ ಹೆಸರಿಗೆ ಆ ಮಾತನ್ನು ಹಚ್ಚುತ್ತಾರೆ. ಪದಗಳೆಲ್ಲ ಸ್ವರದಲ್ಲಿ ಮುಗಿಯುತ್ತವೆ ಎಂಬುದು ಅದರ ಆಧಾರ. ಹಾಗಾದರೆ ಕನ್ನಡ ಏನು ಕಮ್ಮಿ? ಹಳಗನ್ನಡದ ಕಣ್, ಪಾಲ್‌ಗಳನ್ನು ಕಣ್ಣು, ಹಾಲು ಮಾಡಿಕೊಂಡವರು ನಾವು. ಬಸ್ಸು, ಕಾರು, ಪೆನ್ನು ಅನ್ನುವವರೂ ನಾವೇ. ಈ ಜಗಳ ಇಲ್ಲಿಗೆ ಬಿಡೋಣ.

ಒತ್ತಕ್ಷರದಿಂದ ಶುರು ಮಾಡು. ಕತೆಗೂ ಕತ್ತೆಗೂ ಇರುವ ವ್ಯತ್ಯಾಸ ನಮ್ಮ ಮೂರು ವರ್ಷದ ಮಗುವಿಗೂ ಗೊತ್ತು. ಇಂಗ್ಲಿಷ್ ಮಾತಿನವರು ಇಟಾಲಿಯನ್ ಕಲಿಯುವಾಗ ಬೆವರುವುದು ಇಲ್ಲಿಯೇ. 'ಸೇತೆ' ಎಂದರೆ ಬಾಯಾರಿಕೆ, 'ಸೆತ್ತೆ' ಎಂದರೆ ಏಳು. 'ನೋನೊ' ಒಂಬತ್ತನೆಯದು, 'ನೊನ್ನೊ' ಅಜ್ಜ. 'ಕಾಸಾ' ಮನೆ, 'ಕಸ್ಸಾ' ಅಂಗಡಿಯಲ್ಲಿ ದುಡ್ಡು ಕಟ್ಟುವ ಗಲ್ಲಾ. ಒತ್ತಿನ ಮುಂಚಿನ ಸ್ವರ ಹ್ರಸ್ವವಾಗುತ್ತದೆ, ಒತ್ತಿಲ್ಲದಾಗ ಎಳೆಯುತ್ತದೆ. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಕಣ್ಣಿಗೆ ಕಾಣುತ್ತವೆ. ಅದಕ್ಕೇ ಮೊದಲ ಕೆಲವು ವಾರ ನಿನ್ನ ನೋಟುಬುಕ್ಕಿನಲ್ಲಿ ಪ್ರತಿ ಪದದ ಪಕ್ಕ ಉಚ್ಚಾರವನ್ನು ಕನ್ನಡದಲ್ಲಿ ಬರೆದುಕೋ.

ಕಾನ್ವೆಂಟಿನ ಇಂಗ್ಲಿಷಿನಿಂದ ನಾಲಿಗೆಗೆ ಹತ್ತಿದ ಟಕಾರ, ಡಕಾರಗಳನ್ನು ಮರೆತುಬಿಡು. ಇಟಾಲಿಯನ್ನಿನಲ್ಲಿರುವುದು ಹಲ್ಲಿಗೆ ತಾಗುವ ತ, ದ. ಊರಿನ ಹೆಸರು ತೊರೀನೊ, ಟೊರೀನೊ ಅಲ್ಲ. ಮಹಾಪ್ರಾಣದ ಗೊಡವೆಯೇ ಇಲ್ಲ. ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಮತ್ತೆಲ್ಲೂ ಒಂಟಿಯಾಗಿ ಬಳಸದೆ ಬಿಟ್ಟ ಞ ಅಲ್ಲಿ ದಿನವಿಡೀ ಬೇಕು: ಜಿ, ಎನ್ ಜೊತೆಯಾಗಿ ಬಂದರೆ ಅದು ಞ. ಜೂಬಿಲಿ ಹಿಲ್ಸಿನ ಹೋಟೆಲುಗಳಲ್ಲಿ 'ಲಸಗ್ನಾ' ಎಂದು ಆರ್ಡರ್ ಮಾಡುವುದನ್ನು ಕೇಳಿದ್ದೇನೆ, ಅದು 'ಲಜಾಞ್ಞಾ'. ಅದೇ ಮೆನುವಿನ 'ಬ್ರುಶೆಟಾ' ನಿಜವಾಗಿ 'ಬ್ರುಸ್ಕೆತ್ತಾ', ಏಕೆಂದರೆ ಸಿ ಅಕ್ಷರದ ಮುಂದೆ ಇ ಅಥವಾ ಐ ಬಂದರೆ ಚಕಾರ, ನಡುವೆ ಎಚ್ ಹೊಕ್ಕರೆ ಮತ್ತೆ ಕಕಾರ. ಎಚ್‌ಗೆ ತನ್ನದೇ ಸದ್ದಿಲ್ಲ. ಹಾಲನ್ನು 'ಆಲು' ಅನ್ನುವ ಮಂಡ್ಯದ ಕಡೆಯವರಿಗೆ ಇದು ಸುಲಭ ಎಂದು ನಿನ್ನ ಕಾಕು ನಗುತ್ತಾಳೆ.

ವ್ಯಾಕರಣದಲ್ಲೂ ಹೀಗೇ. 'ಮಿ ಪ್ಯಾಚೆ ಇಲ್ ಕಫ್ಫೆ' ಎಂಬುದನ್ನು ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಿಸುತ್ತವೆ. ನಮಗೆ ಅದು 'ನನಗೆ ಕಾಫಿ ಇಷ್ಟ', ಅಷ್ಟೇ. 'ಮಿ' ಎಂದರೆ ನನಗೆ. 'ಪರ್ಲೊ' ಎಂದರೆ ಮಾತಾಡುತ್ತೇನೆ. 'ನಾನು' ಬೇಕಾಗಿಲ್ಲ, ಕ್ರಿಯಾಪದದ ಕೊನೆಯೇ ಕರ್ತೃವನ್ನು ಹೇಳುತ್ತದೆ. ಗೆಳೆಯರಿಗೆ 'ತು', ಅಂಚೆ ಕಚೇರಿಯವರಿಗೆ 'ಲೇಯಿ'. ಏಕವಚನ, ಬಹುವಚನದ ಮರ್ಯಾದೆಯಲ್ಲಿ ಬೆಳೆದ ನಿನಗೆ ಅದನ್ನು ಹೇಳಿಕೊಡಬೇಕಿಲ್ಲ.

ಪುಲ್ಲಿಂಗದ ಪದಕ್ಕೆ ಹತ್ತುವ ಆರ್ಟಿಕಲ್ ಸಾಮಾನ್ಯವಾಗಿ 'ಇಲ್'. ಆದರೆ 'ಇಲ್ ಸ್ತುದೆಂತೆ' ಅನ್ನುವಂತಿಲ್ಲ, 'ಲೊ ಸ್ತುದೆಂತೆ' ಅನ್ನಬೇಕು. ಸಕಾರಕ್ಕೆ ಇನ್ನೊಂದು ವ್ಯಂಜನ ಅಂಟಿಕೊಂಡು ಪದ ಶುರುವಾದರೆ ಆರ್ಟಿಕಲ್ ಬದಲಾಗುತ್ತದೆ. ಯಾಕೆಂದು ತಲೆ ಕೆಡಿಸಿಕೊಳ್ಳಬೇಡ. ನಮ್ಮ ಕಲಬುರಗಿ ಕಡೆ ಹಿರಿಯರು 'ಇಸ್ಕೂಲು', 'ಇಸ್ಟೇಷನ್' ಅಂದದ್ದು ಇದೇ ತೊಡಕಿಗೆ. ಅವರು ಸ್ವರವನ್ನು ಮುಂದೆ ಸೇರಿಸಿದರು, ಇಟಲಿಯವರು ಆರ್ಟಿಕಲ್ಲಿನ ಕೊನೆಯಲ್ಲಿ ಇಟ್ಟುಕೊಂಡರು.

ಅಂಕಿಗಳನ್ನು ಒಂದು ಸಂಜೆಯಲ್ಲಿ ಮುಗಿಸು. ಫ್ಲಾರೆನ್ಸಿನ ವ್ಯಾಪಾರಿ ಫಿಲಿಪ್ಪೊ ಸಸ್ಸೆತ್ತಿ 1580ರ ದಶಕದಲ್ಲಿ ಕೊಚ್ಚಿ, ಗೋವಾಗಳಲ್ಲಿದ್ದು ಊರಿಗೆ ಬರೆದ ಪತ್ರದಲ್ಲಿ ಸಂಸ್ಕೃತಕ್ಕೂ ತನ್ನ ಭಾಷೆಗೂ ಇರುವ ಹೋಲಿಕೆಯನ್ನು ಗುರುತಿಸಿದ್ದ: ಸಪ್ತಕ್ಕೆ ಸೆತ್ತೆ, ನವಕ್ಕೆ ನೋವೆ, ದೇವನಿಗೆ ದೀಯೊ, ಸರ್ಪಕ್ಕೆ ಸೆರ್ಪೆ. ಸಪ್ತ ಪ್ರಾಕೃತದಲ್ಲಿ 'ಸತ್ತ' ಆಯಿತು. ಲ್ಯಾಟಿನ್ನಿನ 'ಸೆಪ್ತೆಮ್' ಕೂಡ ಅದೇ ರೀತಿ ಸವೆದು 'ಸೆತ್ತೆ' ಆಯಿತು.

ಇನ್ನು ಕನ್ನಡ ಕೈಕೊಡುವ ಎರಡು ಜಾಗ. ನಿನ್ನ ಶ್ರಮವನ್ನೆಲ್ಲ ಇವಕ್ಕೆ ಎತ್ತಿಡು.

ಒಂದು ಲಿಂಗ. ನಮ್ಮಲ್ಲಿ ಲಿಂಗ ಅರ್ಥವನ್ನು ಹಿಡಿದು ನಡೆಯುತ್ತದೆ, ಮೇಜು ಕುರ್ಚಿಗಳೆಲ್ಲ ನಪುಂಸಕ. ಅಲ್ಲಿ ಮೇಜು ಗಂಡು, ಕುರ್ಚಿ ಹೆಣ್ಣು. ಓಕಾರಾಂತ ಗಂಡು, ಆಕಾರಾಂತ ಹೆಣ್ಣು ಎಂಬ ಸೂತ್ರ ಬಹುಮಟ್ಟಿಗೆ ನಡೆಯುತ್ತದೆ, ಆದರೂ ಕೈ ಎಂಬರ್ಥದ 'ಮಾನೊ' ಹೆಣ್ಣು, 'ಪ್ರೊಬ್ಲೇಮಾ' ಗಂಡು. ಪದವನ್ನು ಆರ್ಟಿಕಲ್ ಸಮೇತ ಬಾಯಿಪಾಠ ಮಾಡದೆ ಗತ್ಯಂತರವಿಲ್ಲ. 'ನಾನು ಹೋದೆ' ಅನ್ನಲು ನೀನು 'ಸೋನೊ ಅಂದಾತಾ' ಅನ್ನಬೇಕು, ನಿನ್ನ ತಮ್ಮ 'ಸೋನೊ ಅಂದಾತೊ'. ಹೈದರಾಬಾದಿನಲ್ಲಿ ಬೆಳೆದು ಗಯಾ, ಗಯೀ ಅಂದು ರೂಢಿಯಿರುವ ನಿನಗೆ ಇಲ್ಲಿ ಹಿಂದಿ ನೆರವಾಗುತ್ತದೆ.

ಇನ್ನೊಂದು ಸ್ವರಭಾರ, ಇದು ಹೆಚ್ಚು ಕಷ್ಟದ್ದು. ಕನ್ನಡಿಗರು ಪದದ ಎಲ್ಲ ಅಕ್ಷರಗಳನ್ನೂ ಸಮನಾಗಿ ನುಡಿಯುತ್ತೇವೆ. ಇಟಾಲಿಯನ್ನರು ಒಂದನ್ನು ಎತ್ತಿ ಹಿಡಿಯುತ್ತಾರೆ, ಸಾಮಾನ್ಯವಾಗಿ ಕೊನೆಯಿಂದ ಎರಡನೆಯದನ್ನು. ಕೊನೆಯದನ್ನೇ ಎತ್ತಬೇಕಾದರೆ ಅದರ ಮೇಲೆ ಗೆರೆ ಎಳೆದಿರುತ್ತಾರೆ. 'ಪರ್ಲೊ' ಎಂಬುದರ ಕೊನೆಯ ಅಕ್ಷರಕ್ಕೆ ಭಾರ ಹಾಕಿದೆಯೋ, 'ಮಾತಾಡುತ್ತೇನೆ' ಹೋಗಿ 'ಅವನು ಮಾತಾಡಿದ' ಆಗುತ್ತದೆ. ಮೋಸ ಮಾಡುವುದು ಕೊನೆಯಿಂದ ಮೂರನೆಯ ಅಕ್ಷರ ಎತ್ತುವ ಪದಗಳು: ತೆಲೇಫೊನೊ, ತಾವೊಲೊ. ಇವಕ್ಕೆ ಸಾಮಾನ್ಯವಾಗಿ ಯಾವ ಗುರುತೂ ಇರುವುದಿಲ್ಲ, ನಿಘಂಟು ನೋಡಬೇಕು ಇಲ್ಲವೇ ಕಿವಿಯಿಂದಲೇ ಹಿಡಿಯಬೇಕು. ದಿನಾ ಸ್ವಲ್ಪ ಹೊತ್ತು ಇಟಲಿಯ ರಾಯ್ ರೇಡಿಯೋದ ವಾರ್ತೆ ಕೇಳು. ಅರ್ಥವಾಗದಿದ್ದರೂ ಚಿಂತೆಯಿಲ್ಲ, ಭಾರ ಎಲ್ಲಿ ಬೀಳುತ್ತದೆ ಎಂಬುದನ್ನಷ್ಟೇ ಗಮನಿಸು.

ಮೊಬೈಲ್ ಆ್ಯಪ್ ಪದ ಕಲಿಸೀತು, ನಾಲಿಗೆ ತಿದ್ದುವುದಿಲ್ಲ. ತಾರ್ನಾಕಾದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಕ್ಕದಲ್ಲೇ ಇಫ್ಲು ಇದೆ. 1958ರಲ್ಲಿ ಇಂಗ್ಲಿಷ್ ಕಲಿಸಲು ಶುರುವಾದ ಸಂಸ್ಥೆ ಅದು, ಇಂದು ಅಲ್ಲಿ ಇಟಾಲಿಯನ್ನನ್ನೂ ಕಲಿಸುತ್ತಾರೆ. ಅರ್ಜಿ ಯಾವಾಗ ಕರೆಯುತ್ತಾರೆಂದು ಈ ವಾರವೇ ಹೋಗಿ ವಿಚಾರಿಸು. ಮತ್ತೆ, ನಿನ್ನ ಮುಂದಿನ ಪತ್ರದಲ್ಲಿ ಹತ್ತು ಸಾಲಾದರೂ ಇಟಾಲಿಯನ್ ಇರಲಿ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸುತ್ತೇನೆ.

ಇಂತಿ ನಿನ್ನ
ಕಾಕಾ