ಟ್ಯಾಬ್ ಬರುವ ಮೊದಲು ವೇಳಾಪಟ್ಟಿ ಬರಲಿ

ಹಳೆಯ ವಿದ್ಯಾರ್ಥಿಗಳ ಸಂಘವೋ, ಪಕ್ಕದ ಕೈಗಾರಿಕಾ ಪ್ರದೇಶದ ಕಂಪನಿಯೋ ‘ನಿಮ್ಮ ಶಾಲೆಗೆ ಟ್ಯಾಬ್ ಕೊಡಿಸುತ್ತೇವೆ’ ಎಂದು ಮುಂದೆ ಬಂದರೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮೊದಲು ಏಳುವ ಮಾತು ‘ಯಾವ ಕಂಪನಿಯದು, ಎಷ್ಟು ಕೊಡುತ್ತಾರೆ?’ ಎಂಬುದೇ. ಕೊನೆಗೆ ಕೇಳಬೇಕಾದ ಪ್ರಶ್ನೆ ಇದು. ಮೊದಲು ಕೇಳಬೇಕಾದದ್ದು ಬೇರೆ: ಯಾವ ತರಗತಿಯ ಯಾವ ಅವಧಿಯಲ್ಲಿ ಮಗು ಟ್ಯಾಬ್ ಹಿಡಿಯುತ್ತದೆ? ಆ ಹೊತ್ತಿನಲ್ಲಿ ಶಿಕ್ಷಕರು ಎಲ್ಲಿ, ಯಾರ ಪಕ್ಕದಲ್ಲಿ ಕೂತಿರುತ್ತಾರೆ? ಇದಕ್ಕೆ ಉತ್ತರವಿಲ್ಲದ ಶಾಲೆಯಲ್ಲಿ ಟ್ಯಾಬ್‌ಗಳು ಉದ್ಘಾಟನೆಯ ಫೋಟೊ ಮುಗಿಸಿಕೊಂಡು ಮುಖ್ಯ ಶಿಕ್ಷಕರ ಬೀರು ಸೇರುತ್ತವೆ. ಉತ್ತರವಿರುವ ಶಾಲೆಗೆ ಆರೇ ಆರು ಟ್ಯಾಬ್ ಸಾಕಾಗಬಹುದು.

ಇದು ಬರಿಯ ಅನುಮಾನದ ಮಾತಲ್ಲ. ದಕ್ಷಿಣ ಅಮೆರಿಕದ ಪೆರು ದೇಶ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಡಿ ಹಳ್ಳಿ ಶಾಲೆಗಳಿಗೆ ಭಾರಿ ಪ್ರಮಾಣದಲ್ಲಿ ಯಂತ್ರಗಳನ್ನು ಹಂಚಿತು. 319 ಗ್ರಾಮೀಣ ಪ್ರಾಥಮಿಕ ಶಾಲೆಗಳನ್ನು ಹೋಲಿಸಿ ನೋಡಿ 2012ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಅಂಕ ಏರಿದ ಗುರುತು ಸಿಗಲಿಲ್ಲ. ನಮ್ಮ ದೇಶದ್ದೇ ಆದ ಉದಾಹರಣೆ ಇನ್ನೂ ಕಣ್ಣು ತೆರೆಸುತ್ತದೆ. ಗುಜರಾತಿನ ಜ್ಞಾನಶಾಲಾ ಸಂಸ್ಥೆಯ ಶಾಲೆಗಳಲ್ಲಿ ಎರಡು ಮತ್ತು ಮೂರನೇ ತರಗತಿಯ ಮಕ್ಕಳಿಗೆ ಒಂದೇ ಗಣಿತದ ತಂತ್ರಾಂಶವನ್ನು ಎರಡು ಬಗೆಯಲ್ಲಿ ಕೊಟ್ಟು ನೋಡಲಾಯಿತು. ಪಾಠದ ಅವಧಿಯನ್ನು ಕಿತ್ತುಕೊಂಡು ಕಂಪ್ಯೂಟರಿಗೆ ಕೊಟ್ಟ ಕಡೆ ಮಕ್ಕಳು ತಂತ್ರಾಂಶ ಸಿಗದ ಮಕ್ಕಳಿಗಿಂತ ಕಡಿಮೆ ಕಲಿತರು. ಶಾಲೆಯ ಹೊತ್ತಿನ ಹೊರಗೆ ಹೆಚ್ಚುವರಿಯಾಗಿ ಕೊಟ್ಟ ಕಡೆ ಹೆಚ್ಚು ಕಲಿತರು. ಯಂತ್ರ ಅದೇ, ತಂತ್ರಾಂಶ ಅದೇ. ಅದು ಯಾರ ಸಮಯವನ್ನು ತಿಂದಿತು ಎನ್ನುವುದಷ್ಟೇ ಬೇರೆ. ದೆಹಲಿಯಲ್ಲಿ ಹಿರಿಯ ತರಗತಿಗಳ ಮಕ್ಕಳಿಗಾಗಿ ಮೈಂಡ್‌ಸ್ಪಾರ್ಕ್ ತಂತ್ರಾಂಶ ಬಳಸಿ ಶಾಲೆಯ ಹೊತ್ತಿನ ಹೊರಗೆ ನಡೆಸಿದ ಕೇಂದ್ರಗಳ ಅಧ್ಯಯನ (2019ರಲ್ಲಿ ಪ್ರಕಟವಾದದ್ದು) ನಾಲ್ಕೂವರೆ ತಿಂಗಳಲ್ಲೇ ಗಣಿತ ಮತ್ತು ಹಿಂದಿಯಲ್ಲಿ ಒಳ್ಳೆಯ ಪ್ರಗತಿ ಕಂಡಿತು. ಅಲ್ಲಿಯೂ ಮಗು ಅರ್ಧ ಹೊತ್ತು ಯಂತ್ರದ ಮುಂದೆ, ಇನ್ನರ್ಧ ಹೊತ್ತು ಸಣ್ಣ ಗುಂಪಿನಲ್ಲಿ ಬೋಧಕರ ಮುಂದೆ ಇತ್ತು. ತಂತ್ರಾಂಶ ಮಗುವಿನ ತರಗತಿಯನ್ನು ನೋಡದೆ, ಮಗು ನಿಜಕ್ಕೂ ನಿಂತಿರುವ ಮೆಟ್ಟಿಲಿನಿಂದ ಪ್ರಶ್ನೆ ಕೇಳುತ್ತಿತ್ತು.

ಹಾಗಾಗಿ ಮೊದಲ ಹೆಜ್ಜೆ ಕಾಗದ, ಪೆನ್ಸಿಲ್ ಹಿಡಿದು ವೇಳಾಪಟ್ಟಿ ಬರೆಯಲು ಕೂರುವುದು. ಕರ್ನಾಟಕದ ಸರ್ಕಾರಿ ಶಾಲೆಗೆ ಇಲ್ಲೊಂದು ಅನುಕೂಲವಿದೆ. ಅದನ್ನು ನಾವೇ ಮರೆತಂತಿದೆ. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯವಿಡೀ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಹೇಗೂ ಗುಂಪು ಗುಂಪಾಗಿಯೇ ಕೂರುತ್ತಾರೆ. ಈ ಗುಂಪಿಗೆ ಅಲ್ಲಿ ‘ತಟ್ಟೆ’ ಎನ್ನುತ್ತಾರೆ: ಶಿಕ್ಷಕರ ಪೂರ್ಣ ನೆರವು ಬೇಕಾದವರದೊಂದು ತಟ್ಟೆ, ಜೊತೆಗಾರರ ನೆರವಿನಿಂದ ಕಲಿಯುವವರದೊಂದು, ತಾವೇ ಮಾಡಿಕೊಳ್ಳುವವರದು ಸ್ವಕಲಿಕೆಯ ತಟ್ಟೆ. ಟ್ಯಾಬ್ ಕೂರಬೇಕಾದ ಜಾಗ ಈ ಸ್ವಕಲಿಕೆಯ ತಟ್ಟೆ, ಬೇರೆಲ್ಲೂ ಅಲ್ಲ. ಲೆಕ್ಕ ಹಾಕಿ ನೋಡಿ: ತರಗತಿಯಲ್ಲಿ 24 ಮಕ್ಕಳಿದ್ದಾರೆ ಎಂದುಕೊಳ್ಳೋಣ. ಒಮ್ಮೆಗೆ ಆರು ಮಕ್ಕಳು ಆ ತಟ್ಟೆಗೆ ಬರುವಂತೆ, 20 ನಿಮಿಷದ ನಾಲ್ಕು ಸರದಿ ಮಾಡಿದರೆ 80 ನಿಮಿಷದಲ್ಲಿ ಎಲ್ಲರ ಸರದಿಯೂ ಮುಗಿಯುತ್ತದೆ. ಆ 80 ನಿಮಿಷವೂ ಶಿಕ್ಷಕರು ಉಳಿದ 18 ಮಕ್ಕಳ ನಡುವೆಯೇ ಇರುತ್ತಾರೆ. ಟ್ಯಾಬಿನ ನಿಜವಾದ ಲಾಭ ಇಲ್ಲಿದೆ: ಆರು ಮಕ್ಕಳು ತಮ್ಮ ಪಾಡಿಗೆ ತಾವು ಕೆಲಸದಲ್ಲಿ ಮುಳುಗಿದಷ್ಟು ಹೊತ್ತು, ಓದಲು ತಡವರಿಸುವ ಮಗುವಿನ ಪಕ್ಕದಲ್ಲಿ ಶಿಕ್ಷಕರು ನೆಮ್ಮದಿಯಾಗಿ ಕೂರಬಹುದು. ಸರದಿಯನ್ನು ಬಿಸಿಯೂಟ ಮುಗಿದ ಕೂಡಲೇ ಇಡಬೇಡಿ. ಕೈ ತೊಳೆದು ಲಂಗಕ್ಕೋ ಚಡ್ಡಿಗೋ ಒರೆಸಿಕೊಂಡು ಬರುವ ಒದ್ದೆ ಬೆರಳನ್ನು ಪರದೆ ಸರಿಯಾಗಿ ಗುರುತಿಸುವುದಿಲ್ಲ. ಮಗು ಸಿಟ್ಟಿನಿಂದ ಕುಟ್ಟತೊಡಗುತ್ತದೆ. ಆಟದ ಅವಧಿಯನ್ನಂತೂ ಮುಟ್ಟಲೇಬಾರದು.

ಎರಡನೆಯದು, ಒಳಗೆ ಏನು ಹಾಕಬೇಕು ಎನ್ನುವುದು. ಪಠ್ಯಪುಸ್ತಕದ ಪಿಡಿಎಫ್ ತುಂಬಿಸಿಕೊಟ್ಟರೆ ಅದು ಹೆಚ್ಚು ತೂಕದ, ಚಾರ್ಜ್ ಬೇಡುವ ಪುಸ್ತಕವಾಯಿತು, ಅಷ್ಟೆ. ವಿಡಿಯೊ ತುಂಬಿಸಿದರೆ ಅದು ಪುಟ್ಟದೊಂದು ಟಿ.ವಿ. ಆಯಿತು. ನೋಡಬೇಕಾದ ಗುಣ ಒಂದೇ: ಮಗು ತಪ್ಪು ಮಾಡಿದಾಗ ಅದು ಮಗುವಿಗೆ ಗೊತ್ತಾಗಬೇಕು, ಮುಂದಿನ ಪ್ರಶ್ನೆ ಆ ತಪ್ಪಿಗೆ ತಕ್ಕಂತೆ ಬದಲಾಗಬೇಕು. ಕನ್ನಡದಲ್ಲಿ ಹೀಗೆ ಹೊಂದಿಕೊಳ್ಳುವ ತಂತ್ರಾಂಶ ಇಂಗ್ಲಿಷಿನಷ್ಟು ಸಿಗದು ಎಂಬ ಕೊರಗು ನ್ಯಾಯವಾದದ್ದೇ. ಆದರೆ ಅದು ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಟ್ಯಾಬಿನಲ್ಲಿ ಮೊದಲೇ ಇರುವ, ಇಂಟರ್‌ನೆಟ್ ಬೇಡದ ಧ್ವನಿಮುದ್ರಣದ ಸೌಲಭ್ಯವನ್ನೇ ನೋಡಿ. ಮಗು ನಲಿ-ಕಲಿ ಕಾರ್ಡಿನ ನಾಲ್ಕು ಸಾಲನ್ನು ಜೋರಾಗಿ ಓದಿ ಮುದ್ರಿಸಿಕೊಳ್ಳುತ್ತದೆ, ಆಮೇಲೆ ಕಾರ್ಡಿನ ಮೇಲೆ ಬೆರಳಿಟ್ಟು ತನ್ನದೇ ದನಿಯನ್ನು ಕೇಳುತ್ತದೆ. ‘ಮಜ್ಜಿಗೆ’ಯ ಮೇಲೆ ಬೆರಳು ಬಂದಾಗ ಕಿವಿಗೆ ‘ಮಜಿಗೆ’ ಎಂದು ಕೇಳಿಸುತ್ತದೆ. ಬೆರಳು ಅಲ್ಲೇ ನಿಲ್ಲುತ್ತದೆ, ಒತ್ತಕ್ಷರ ಕಣ್ಣಿಗೆ ಬೀಳುತ್ತದೆ, ಮಗು ಮತ್ತೆ ಮುದ್ರಣದ ಗುಂಡಿ ಒತ್ತುತ್ತದೆ. ಯಾರೂ ಬೈಯದೆ, ಯಾರೂ ನಗದೆ ನಡೆಯುವ ಈ ತಿದ್ದುವಿಕೆ 24 ಮಕ್ಕಳಿಗೂ ದಿನವೂ ಸಿಗುವುದೆಂದರೆ ಒಬ್ಬ ಶಿಕ್ಷಕರ ಕೈಯಲ್ಲಿ ಆಗದ ಕೆಲಸ. ಓದಲು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಮಟ್ಟವಾರು ವಿಂಗಡಿಸಿದ ಕನ್ನಡ ಕಥೆಗಳಿವೆ, ಮುಕ್ತ ಪರವಾನಗಿಯವು. ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಊರಿನಲ್ಲೂ ಓದಬಹುದು. ಪಠ್ಯಪುಸ್ತಕದ ಕ್ಯುಆರ್ ಸಂಕೇತದಿಂದ ತೆರೆಯುವ ದೀಕ್ಷಾ ಜಾಲತಾಣದ ಸಾಮಗ್ರಿಯನ್ನೂ ಮೊದಲೇ ಇಳಿಸಿಟ್ಟುಕೊಳ್ಳಬಹುದು, ಆದರೆ ಶಿಕ್ಷಕರು ಒಮ್ಮೆ ಪೂರ್ತಿ ನೋಡಿದ್ದನ್ನು ಮಾತ್ರ.

ಇಷ್ಟಾದ ಮೇಲೆ ಯಂತ್ರದ ಆಯ್ಕೆ. ದಾನಕ್ಕೆ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಟ್ಯಾಬಿನ ವಿಷಯದಲ್ಲಿ ಎಣಿಸಲೇಬೇಕು. ಕಚೇರಿಯಲ್ಲಿ ಬಳಸಿ ಬಿಟ್ಟ ಹಳೆಯ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಇಂದಿನ ಆ್ಯಪ್‌ಗಳು ಕೂರದೇ ಇರಬಹುದು, ಬ್ಯಾಟರಿ ಒಂದು ಗಂಟೆಯೂ ಬಾರದೇ ಇರಬಹುದು. ವಿನಯದಿಂದಲೇ ಬೇಡ ಎನ್ನಿ. ಹೊಸದಾದರೆ ಒಂದನ್ನು ತರಿಸಿಕೊಂಡು ಮೊದಲು ‘ರಾಷ್ಟ್ರ’, ‘ಶಾಸ್ತ್ರ’, ‘ಸೂರ್ಯ’ ಎಂದು ಟೈಪ್ ಮಾಡಿ ನೋಡಿ. ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಸರಿದರೆ, ಅರ್ಕಾವೊತ್ತು ದಾರಿ ತಪ್ಪಿದರೆ ಅಕ್ಷರ ಕಲಿಯುವ ಮಗುವಿಗೆ ಅದು ಕೊಡತಕ್ಕದ್ದಲ್ಲ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿಟ್ಟ ಅಭ್ಯಾಸ ಹಾಳೆಗಳು ಟ್ಯಾಬಿನಲ್ಲಿ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣುತ್ತವೆ. ಯುನಿಕೋಡಿಗೆ ಬದಲಾಯಿಸಿ ಇಲ್ಲವೇ ಪಿಡಿಎಫ್ ಮಾಡಿ ಹಾಕಿ. ರಬ್ಬರ್ ಕವಚ ಮತ್ತು ಮಕ್ಕಳ ಅಳತೆಯ ವೈರಿನ ಹೆಡ್‌ಫೋನ್ ಬೇಕೇ ಬೇಕು. ಹೆಡ್‌ಫೋನ್ ಇಲ್ಲದೆ ಆರು ಟ್ಯಾಬ್ ಒಟ್ಟಿಗೆ ಮಾತಾಡಿದರೆ ತರಗತಿ ಸಂತೆಯೇ. ಬಂದ ಹಣವನ್ನೆಲ್ಲ ಟ್ಯಾಬಿಗೇ ಸುರಿಯದೆ ಕಾಲು ಭಾಗವನ್ನು ರಿಪೇರಿ, ಹೆಡ್‌ಫೋನ್, ಚಾರ್ಜರ್‌ಗೆ ಎತ್ತಿಡುವುದು ಜಾಣತನ.

‘ಖಾಸಗಿ ಶಾಲೆಯಲ್ಲಿ ಮಗುವಿಗೊಂದು ಕೊಡುತ್ತಾರೆ, ನಮ್ಮ ಮಕ್ಕಳಿಗೇಕೆ ಸರದಿ?’ ಎಂಬ ಪೋಷಕರ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಅದರ ಹಿಂದೆ ನಮ್ಮ ಮಕ್ಕಳಿಗೆ ಯಾವಾಗಲೂ ಕಡಿಮೆಯೇ ಸಿಗುತ್ತದೆ ಎಂಬ ಹಳೆಯ ನೋವಿದೆ. ಆದರೆ ಪೆರುವಿನಲ್ಲಿ ಮಗುವಿಗೊಂದಕ್ಕಿಂತ ಹೆಚ್ಚೇ ಯಂತ್ರಗಳಿದ್ದವು ಎನ್ನುವುದನ್ನು ಸಭೆಯಲ್ಲಿ ಹೇಳಬೇಕು. ಎಲ್ಲರ ಕೈಯಲ್ಲೂ ಒಟ್ಟಿಗೆ ಪರದೆ ಇದ್ದಾಗ ಶಿಕ್ಷಕರು ಪಾಸ್‌ವರ್ಡ್ ಸರಿಮಾಡುವ ಮೆಕ್ಯಾನಿಕ್ ಆಗಿಬಿಡುತ್ತಾರೆ. ಕಣ್ಣಿನ ಭಯದ ಮಾತೂ ಬರುತ್ತದೆ. 5ರಿಂದ 10 ವರ್ಷದ ಮಕ್ಕಳಿಗೆ ದಿನಕ್ಕೆ ಒಟ್ಟು ಎರಡು ಗಂಟೆಗಿಂತ ಕಡಿಮೆ ಪರದೆ ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೇಳಿದೆ, ಮನೆಯ ಟಿ.ವಿ., ಅಪ್ಪನ ಮೊಬೈಲ್ ಎಲ್ಲ ಸೇರಿ. ಶಾಲೆ ಅದರಲ್ಲಿ 20 ನಿಮಿಷ ಮಾತ್ರ ತೆಗೆದುಕೊಂಡರೆ ಮಿತಿಯೊಳಗೇ ಉಳಿಯುತ್ತದೆ. ಟ್ಯಾಬನ್ನು ಮನೆಗೆ ಕಳಿಸಿದರೆ ಆ ಹಿಡಿತ ತಪ್ಪುತ್ತದೆ, ಆದ್ದರಿಂದ ಕಳಿಸಬೇಡಿ.

ಕರೆಂಟಿನ ಖರ್ಚು ಜನ ಅಂದುಕೊಂಡಷ್ಟಿಲ್ಲ. 7000 ಎಂಎಎಚ್ ಬ್ಯಾಟರಿಯ ಟ್ಯಾಬ್ ಪೂರ್ತಿ ಚಾರ್ಜ್ ಆಗಲು ಸೋರಿಕೆ ಸೇರಿ ಸುಮಾರು 35 ವ್ಯಾಟ್-ಅವರ್ ಬೇಕು. ಆರಕ್ಕೆ ಕಾಲು ಯೂನಿಟ್ಟೂ ದಾಟದು. ತೊಂದರೆ ಕರೆಂಟ್ ಯಾವಾಗ ಇರುತ್ತದೆ ಎಂಬುದು. ಊರಿನ ಲೋಡ್‌ಶೆಡ್ಡಿಂಗ್ ಹೊತ್ತು ನೋಡಿಕೊಂಡು, ಶಾಲೆ ತೆರೆದಿರುವಾಗಲೇ, ದೊಡ್ಡವರ ಕಣ್ಣೆದುರಿಗೆ ಚಾರ್ಜ್ ಮಾಡಿ. ರಾತ್ರಿ ಬೀರುವಿನೊಳಗೆ ಪ್ಲಗ್ ಹಾಕಿ ಬೀಗ ಜಡಿದು ಹೋಗುವುದು ಅಪಾಯ. ಸೀಮೆಸುಣ್ಣದ ಪುಡಿ ಚಾರ್ಜಿಂಗ್ ಕಿಂಡಿಯಲ್ಲಿ ಕೂರುತ್ತದೆ, ಕಪ್ಪು ಹಲಗೆಯಿಂದ ದೂರವಿಡಿ.

ಬಹುಪಾಲು ಶಾಲೆಗಳು ಎಡವುವುದು ಕಾಗದಪತ್ರದಲ್ಲಿ. ಟ್ಯಾಬಿನ ಗೂಗಲ್ ಖಾತೆಯನ್ನು ಮುಖ್ಯ ಶಿಕ್ಷಕರ ಸ್ವಂತ ಮೊಬೈಲಿಗೆ ಜೋಡಿಸಿಬಿಟ್ಟರೆ, ಅವರಿಗೆ ವರ್ಗಾವಣೆಯಾದ ದಿನದಿಂದ ಒಟಿಪಿ ಬೇರೆ ತಾಲ್ಲೂಕಿಗೆ ಹೋಗತೊಡಗುತ್ತದೆ. ರೀಸೆಟ್ ಮಾಡಿದರೂ ಟ್ಯಾಬ್ ಹಳೆಯ ಖಾತೆಯನ್ನೇ ಕೇಳುತ್ತದೆ. ಶಾಲೆಯ ಹೆಸರಿನ ಇಮೇಲ್ ತೆರೆದು, ಅದರ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ದಾಸ್ತಾನು ವಹಿಯಲ್ಲಿ ಪ್ರತಿ ಟ್ಯಾಬಿನ ಸೀರಿಯಲ್ ಸಂಖ್ಯೆಯೊಡನೆ ನಮೂದಿಸಿ, ಪ್ರಭಾರ ವಹಿಸಿಕೊಡುವಾಗ ಬೀಗದ ಕೈಯಂತೆ ಅದನ್ನೂ ಕೊಟ್ಟು ಸಹಿ ಪಡೆಯಬೇಕು. ಟ್ಯಾಬಿಗೆ 1ರಿಂದ 6ರ ಚೀಟಿ ಅಂಟಿಸಿ, ಒಂದೊಂದಕ್ಕೂ ನಾಲ್ಕು ಮಕ್ಕಳ ಹೆಸರು ನಿಗದಿ ಮಾಡಿದರೆ ಒಡೆದಾಗ ಗಲಾಟೆಯಿಲ್ಲ, ಮಗುವಿನ ಕೆಲಸವೂ ಒಂದೇ ಕಡೆ ಉಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿರುವ ಸ್ಕ್ರೀನ್ ಪಿನ್ನಿಂಗ್ ಹಾಕಿದರೆ ಮಗು ಒಂದು ಆ್ಯಪಿನಿಂದ ಇನ್ನೊಂದಕ್ಕೆ ಜಿಗಿಯಲಾರದು. ಆದರೆ ಬೀಗವನ್ನೇ ನಂಬಬೇಡಿ. 2013ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಶಾಲೆಗಳು ಹಂಚಿದ ಐಪ್ಯಾಡ್‌ಗಳ ನಿರ್ಬಂಧವನ್ನು ವಿದ್ಯಾರ್ಥಿಗಳು ಕೆಲವೇ ವಾರಗಳಲ್ಲಿ ದಾಟಿಬಿಟ್ಟಿದ್ದರು. ಸಿಮ್ ಹಾಕದಿರುವುದೇ ಗಟ್ಟಿ ಬೀಗ. ಮಗುವಿನ ಹೆಸರು, ಫೋಟೊ ಕೇಳುವ ಆ್ಯಪ್ ಇದ್ದರೆ ಮೊದಲು ಪೋಷಕರ ಲಿಖಿತ ಒಪ್ಪಿಗೆ ಪಡೆಯಿರಿ. ಡಿಜಿಟಲ್ ವೈಯಕ್ತಿಕ ದತ್ತಾಂಶಕ್ಕಾಗಿ 2023ರಲ್ಲಿ ಬಂದ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ಬಿಗಿಯಾಗಿದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ: ಅದೇ ದುಡ್ಡಿನಲ್ಲಿ ಗ್ರಂಥಾಲಯ ಮಾಡಬಾರದೇಕೆ, ಅತಿಥಿ ಶಿಕ್ಷಕರನ್ನು ಇಟ್ಟುಕೊಳ್ಳಬಾರದೇಕೆ? ಶಾಲೆಯಲ್ಲಿ ಕಥೆಪುಸ್ತಕಗಳಿಲ್ಲದಿದ್ದರೆ, ಒಬ್ಬರೇ ಶಿಕ್ಷಕರು ಐದು ತರಗತಿ ನೋಡುತ್ತಿದ್ದರೆ ಈ ಆಕ್ಷೇಪವೇ ಸರಿ. ದಾನಿಗಳ ಮನವೊಲಿಸಿ ಹಣವನ್ನು ಅತ್ತ ತಿರುಗಿಸಿ. ಅವೆರಡೂ ಇದ್ದು, ತರಗತಿಯಲ್ಲಿ ಕಲಿಕೆಯ ಅಂತರ ದೊಡ್ಡದಾಗಿರುವ ಶಾಲೆಗೆ ಮಾತ್ರ ಟ್ಯಾಬ್ ಅರ್ಥಪೂರ್ಣ. ಅಂತರ ನಿಜಕ್ಕೂ ದೊಡ್ಡದೇ ಇದೆ. ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಂತೆ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 23.4ರಷ್ಟು ಮಕ್ಕಳು ಮಾತ್ರ.

ಆದ್ದರಿಂದ ಇಡೀ ಶಾಲೆಗೆ ಒಮ್ಮೆಲೇ ಹಂಚದೆ ಒಂದು ತರಗತಿಯಲ್ಲಿ, ಜುಲೈನಿಂದ ದಸರಾ ರಜೆಯವರೆಗೆ ನಡೆಸಿ ನೋಡಿ. ಶುರು ಮಾಡುವ ವಾರ ಪ್ರತಿ ಮಗುವಿನಿಂದ ಒಂದು ಪ್ಯಾರಾ ಓದಿಸಿ, ದಶಕದಿಂದ ಎರವಲು ಪಡೆಯುವ ಎರಡು ವ್ಯವಕಲನ ಮಾಡಿಸಿ ಬರೆದಿಟ್ಟುಕೊಳ್ಳಿ. ರಜೆಗೆ ಮೊದಲು ಅದೇ ಮಟ್ಟದ ಬೇರೆ ಪ್ಯಾರಾ, ಬೇರೆ ಲೆಕ್ಕ ಕೊಡಿ. ಸಾಧ್ಯವಾದರೆ ಕ್ಲಸ್ಟರಿನ ಇನ್ನೊಂದು ಶಾಲೆಯ ಅದೇ ತರಗತಿಯಲ್ಲೂ ಇದನ್ನೇ ಮಾಡಿಸಲು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ಕೇಳಿ. ಟ್ಯಾಬ್ ಇಲ್ಲದೆಯೂ ಮಕ್ಕಳು ಮೂರು ತಿಂಗಳಲ್ಲಿ ಒಂದಿಷ್ಟು ಬೆಳೆದೇ ಬೆಳೆಯುತ್ತಾರಲ್ಲ. ವ್ಯತ್ಯಾಸ ಕಾಣದಿದ್ದರೆ ಮೊದಲು ಸರದಿಯ ಹೊತ್ತು ಬದಲಿಸಿ, ಒಳಗಿನ ಸಾಮಗ್ರಿ ಬದಲಿಸಿ. ಇನ್ನೊಂದು ಅವಧಿ ಕಳೆದರೂ ಹಾಗೇ ಇದ್ದರೆ ಅದನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಹೊಸ ಟ್ಯಾಬ್ ಕೊಡುತ್ತೇವೆಂದು ಬರುವ ಮುಂದಿನ ದಾನಿಗೆ ಆ ಪುಟವನ್ನೇ ತೋರಿಸಿ. ವ್ಯತ್ಯಾಸ ಕಂಡರೂ ಬೇಸಿಗೆ ರಜೆಗೆ ಮುಂಚೆ ಒಂದು ಕೆಲಸ ಬಾಕಿಯಿದೆ: ಟ್ಯಾಬ್‌ಗಳನ್ನು ಪೂರ್ತಿ ಖಾಲಿಯೂ ಮಾಡದೆ, ಪೂರ್ತಿ ತುಂಬಿಸಿಯೂ ಇಡದೆ, ಅರ್ಧ ಚಾರ್ಜಿನಲ್ಲಿ ಆಫ್ ಮಾಡಿ, ತಗಡಿನ ಚಾವಣಿಯ ಕೋಣೆ ಬಿಟ್ಟು ತಂಪಾದ ಜಾಗದಲ್ಲಿಡಿ. ಇಲ್ಲದಿದ್ದರೆ ಜೂನಿನಲ್ಲಿ ಬೀಗ ತೆಗೆದಾಗ ಸಿಗುವುದು ಹೊಟ್ಟೆ ಉಬ್ಬಿದ ಬ್ಯಾಟರಿಗಳು.