ಗರ್ಭಕಂಠದ ಕ್ಯಾನ್ಸರ್: ಜೀನ್ ಹೇಳುವುದೆಷ್ಟು?

ಬಿಸಿಲೆ, ಹೆತ್ತೂರು, ವನಗೂರು ಕಡೆಯ ಮನೆಯೊಂದರಲ್ಲಿ ಹೆಂಗಸಿಗೆ ಗರ್ಭಕಂಠದ ಕ್ಯಾನ್ಸರ್ ಎಂದು ಗೊತ್ತಾದರೆ ಮೊದಲು ಏಳುವ ಪ್ರಶ್ನೆ, ‘ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲವಲ್ಲ, ಇದೆಲ್ಲಿಂದ ಬಂತು?’ ಎರಡನೆಯದು, ‘ವಾಸಿಯಾಗುತ್ತದಾ?’ ಓದಿದ ಮಕ್ಕಳಿದ್ದರೆ ಮೂರನೆಯದೂ ಬರುತ್ತದೆ: ‘ಜೀನ್ ಟೆಸ್ಟ್ ಮಾಡಿಸಿಬಿಡೋಣವಾ?’ ನಿಧಾನವಾಗಿ ಒಂದೊಂದೇ ನೋಡೋಣ.

ಜೀವಕೋಶ ಅಂಕೆ ಮೀರಿ ಬೆಳೆಯದಂತೆ ತಡೆಯುವ ಜೀನ್‌ಗಳು ನಮ್ಮೆಲ್ಲರಲ್ಲೂ ಇವೆ. ಗಡ್ಡೆ ನಿಗ್ರಹಿಸುವ ಜೀನ್‌ಗಳೆಂದು ಅವಕ್ಕೆ ಹೆಸರು. 17ನೇ ವರ್ಣತಂತುವಿನಲ್ಲಿರುವ ಟಿಪಿ53, 13ನೆಯದರಲ್ಲಿರುವ ಆರ್‌ಬಿ1 ಇವುಗಳಲ್ಲಿ ಮುಖ್ಯವಾದವು. ಟಿಪಿ53 ಜೀನ್ ತಯಾರಿಸುವ ಪ್ರೋಟೀನು ಪಿ53. ಕಾಫಿ ತೋಟದ ರೈಟರ್ ಇದ್ದ ಹಾಗೆ ಅದು. ಡಿಎನ್‌ಎಯಲ್ಲಿ ತಪ್ಪು ಕಂಡರೆ ಕೆಲಸ ನಿಲ್ಲಿಸಿ, ಸರಿಪಡಿಸಲು ಹೊತ್ತು ಕೊಡುತ್ತದೆ. ಸರಿಹೋಗದಿದ್ದರೆ ಆ ಕೋಶವನ್ನೇ ಸಾಯಿಸುತ್ತದೆ.

ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಟಿಪಿ53 ಜೀನೇ ಕೆಟ್ಟಿರುತ್ತದೆ. ಗರ್ಭಕಂಠದ್ದು ಬೇರೆ ದಾರಿ. ಇಲ್ಲಿ ಹೆಚ್ಚಿನವರಲ್ಲಿ ಜೀನ್ ನೆಟ್ಟಗೇ ಇರುತ್ತದೆ. ಒಳಗೆ ಸೇರಿದ ಎಚ್‌ಪಿವಿ ವೈರಸ್ಸಿನ ಇ6 ಎಂಬ ಪ್ರೋಟೀನು, ಪಿ53 ತಯಾರಾದಂತೆಲ್ಲ ಹಿಡಿದು ಕೋಶದ ಕಸದ ಪಾಲು ಮಾಡುತ್ತದೆ. ಅದೇ ವೈರಸ್ಸಿನ ಇ7 ಎಂಬ ಇನ್ನೊಂದು ಪ್ರೋಟೀನು, ಆರ್‌ಬಿ1 ತಯಾರಿಸುವ ಆರ್‌ಬಿ ಪ್ರೋಟೀನಿನ ಕೈ ಕಟ್ಟುತ್ತದೆ. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕಂಠದ ಗಡ್ಡೆಯಿಂದ ತೆಗೆದ ಹೀಲಾ ಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅವುಗಳಲ್ಲಿ ಎಚ್‌ಪಿವಿ 18 ಎಂಬ ಬಗೆಯ ವೈರಸ್ ಇದೆ, ಟಿಪಿ53 ಜೀನ್ ಕೆಟ್ಟಿಲ್ಲ. ಇ6 ಅನ್ನು ಅಡಗಿಸಿದರೆ ಪಿ53 ಮತ್ತೆ ತಲೆಯೆತ್ತುತ್ತದೆ. ಜಗತ್ತಿನ ಗರ್ಭಕಂಠ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70 ಎಚ್‌ಪಿವಿ 16 ಮತ್ತು 18ರಿಂದಲೇ. ವಂಶದಲ್ಲಿ ಯಾರಿಗೂ ಇಲ್ಲದೆಯೂ ಬರುವುದು ಹೀಗೆ.

ಹಾಗಾದರೆ ಹುಟ್ಟಿನಿಂದ ಬಂದ ಜೀನ್ ವ್ಯತ್ಯಾಸಗಳಿಗೆ ಬೆಲೆಯೇ ಇಲ್ಲವೇ? ಪಿ53 ಪ್ರೋಟೀನಿನ 72ನೇ ಜಾಗದಲ್ಲಿ ಕೆಲವರಿಗೆ ಆರ್ಜಿನಿನ್, ಕೆಲವರಿಗೆ ಪ್ರೊಲಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಎರಡೂ ಸಹಜವೇ. ತಂದೆ ತಾಯಿ ಇಬ್ಬರಿಂದಲೂ ಆರ್ಜಿನಿನ್ ಬಂದವರಿಗೆ ಅಪಾಯ ಏಳು ಪಟ್ಟು ಎಂದು 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾಯಿತು. ದೇಶದೇಶಗಳಲ್ಲಿ ಪರೀಕ್ಷೆಗಳು ನಡೆದವು. ಒಂದು ಹೌದೆಂದರೆ ಇನ್ನೊಂದು ಇಲ್ಲವೆಂದಿತು. 2009ರಲ್ಲಿ 49 ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ಸರಿಯಾದ ಕ್ರಮದಲ್ಲಿ ನಡೆದವುಗಳಲ್ಲಿ ಆ ನಂಟು ಕಾಣಲಿಲ್ಲ. ಏಳು ಪಟ್ಟು ಎಂಬ ಸುದ್ದಿ ಓಡಿದಷ್ಟು ವೇಗವಾಗಿ ಈ ಸುದ್ದಿ ಓಡಲಿಲ್ಲ ಎನ್ನುವುದು ಬೇರೆ ಮಾತು.

ಹುಟ್ಟಿನಿಂದ ಬಂದದ್ದು ಒಂದು, ಗಡ್ಡೆಯೊಳಗೇ ಆಮೇಲೆ ಆದ ಬದಲಾವಣೆ ಇನ್ನೊಂದು. ಈ ವಿಷಯಕ್ಕೆ ಹೊಸಬರು ಇಲ್ಲೇ ಎಡವುವುದು. ಎಸ್‌ಟಿಕೆ11 ಎಂಬ ಇನ್ನೊಂದು ನಿಗ್ರಹ ಜೀನ್ ಕೆಲವರ ಗಡ್ಡೆಗಳಲ್ಲಿ ಕಳೆದುಹೋಗಿರುತ್ತದೆ. ಅಂಥವರಲ್ಲಿ ರೋಗ ಬೇಗ ಉಲ್ಬಣಿಸಿತೆಂದು 2009ರ ಒಂದು ಅಧ್ಯಯನ ತೋರಿಸಿತು. ಸಂಶೋಧಕರಿಗೆ ಇದು ದೊಡ್ಡ ಸುಳಿವು. ಆದರೆ ಇದೊಂದನ್ನೇ ನೋಡಿ ಚಿಕಿತ್ಸೆ ನಿರ್ಧರಿಸುವ ವಾಡಿಕೆ ಇನ್ನೂ ಬಂದಿಲ್ಲ.

ವಾಸಿಯಾಗುತ್ತದಾ ಎಂಬುದಕ್ಕೆ ಇವತ್ತಿಗೂ ಗಟ್ಟಿ ಉತ್ತರ ಕೊಡುವುದು ರೋಗದ ಹಂತ. ಗಡ್ಡೆಯ ಅಳತೆಯೆಷ್ಟು, ಅಕ್ಕಪಕ್ಕಕ್ಕೆ ಹಬ್ಬಿದೆಯೇ, ದುಗ್ಧಗ್ರಂಥಿ ಮುಟ್ಟಿದೆಯೇ? ಅಮೆರಿಕದ ಲೆಕ್ಕದಲ್ಲಿ, ಗರ್ಭಕಂಠದಲ್ಲೇ ಇರುವಾಗ ಪತ್ತೆಯಾದರೆ ನೂರಕ್ಕೆ ಸುಮಾರು 90 ಮಂದಿ ಐದು ವರ್ಷ ದಾಟುತ್ತಾರೆ. ದೂರದ ಅಂಗಕ್ಕೆ ಹರಡಿದ್ದರೆ ಸುಮಾರು 20 ಮಂದಿ. ಬೇಗ ಪತ್ತೆಹಚ್ಚುವುದರ ಫಲ ನೋಡಿ: ಬೀದರ್, ಕಲಬುರಗಿಗಳ ಗಡಿಯಾಚೆಯ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1,31,746 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ, ಒಂದೇ ಸಲ ಎಚ್‌ಪಿವಿ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರ್‌ನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಈ ರೋಗದಲ್ಲಿ ಯಾವ ಜೀನ್ ಟೆಸ್ಟೂ ಇಷ್ಟು ಜೀವ ಉಳಿಸಿದ್ದಿಲ್ಲ.

ಆದ್ದರಿಂದ, ಘಟ್ಟದ ಮೇಲಿನ ಅಕ್ಕತಂಗಿಯರೇ, ಮೂವತ್ತು ದಾಟಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಗಂಡನ ಜೊತೆ ಕೂಡಿದ ಮೇಲೆ ರಕ್ತ ಹೋದರೆ, ಕಾಫಿ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ಕ್ಯಾನ್ಸರ್ ಎಂದೇ ತಿಳಿದುಬಂದರೆ ಡಾಕ್ಟರನ್ನು ಮೊದಲು ಕೇಳಬೇಕಾದ್ದು, ಎಷ್ಟನೇ ಹಂತ ಎಂದು.