ಕಲ್ಲಿನೊಳಗಿನ ಕಬ್ಬಿಣವೂ ಸೂಜಿಗಲ್ಲೂ

ಮಿಡಿಗೇಶಿಯ ಕೋಟೆ ಬೆಟ್ಟದ ತಪ್ಪಲಿನಲ್ಲಿ ಮಳೆನೀರು ಹರಿದ ಜಾಡಿನಿಂದ ಒಂದು ಹಿಡಿ ಮರಳನ್ನು ತಂದು, ಒಣಗಿಸಿ, ಕಾಗದದ ಮೇಲೆ ಹರಡಿರಿ. ಕಾಗದದ ಅಡಿಯಲ್ಲಿ ಸೂಜಿಗಲ್ಲನ್ನು ಆಡಿಸಿರಿ. ಕರಿಯ ಕಣಗಳಲ್ಲಿ ಕೆಲವು ಒಡನೆಯೇ ನಿಮಿರಿ ಅದನ್ನು ಹಿಂಬಾಲಿಸಿದರೆ, ಅವು ಬಹುಮಟ್ಟಿಗೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಕಣಗಳು. ಉಳಿದ ಮರಳು ಸುಮ್ಮನಿರುತ್ತದೆ. ಅದರಲ್ಲಿ ಕಬ್ಬಿಣವೇ ಇಲ್ಲವೆಂದು ಇದರಿಂದ ನಿರ್ಧರಿಸಬಹುದೆ? ಆಗದು.

ರಾಮನಗರ, ಮಾಗಡಿ, ಮಧುಗಿರಿ, ಪಾವಗಡಗಳ ಸೀಮೆಯಲ್ಲಿ ದಕ್ಷಿಣೋತ್ತರವಾಗಿ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಬೆಣಚುಕಲ್ಲು, ಫೆಲ್‌ಸ್ಪಾರ್, ಕರಿಯ ಕಾಗೆಬಂಗಾರ ಇವು ಅದರ ಮುಖ್ಯ ಖನಿಜಗಳು. ಇವುಗಳಲ್ಲಿ ಒಂದೊಂದೂ ಕಾಂತಕ್ಕೆ ಒಂದೊಂದು ಬಗೆಯಾಗಿ ಓಗೊಡುತ್ತದೆ.

ಪ್ರತಿಯೊಂದು ಎಲೆಕ್ಟ್ರಾನೂ ಒಂದು ಪುಟ್ಟ ಕಾಂತ. ಎರಡು ಎಲೆಕ್ಟ್ರಾನುಗಳು ಜೋಡಿಯಾದಾಗ ಒಂದರ ಕಾಂತತ್ವವನ್ನು ಇನ್ನೊಂದು ಅಳಿಸಿಬಿಡುತ್ತದೆ. ಶುದ್ಧವಾದ ಬೆಣಚಿನಲ್ಲಿ ಎಲ್ಲ ಎಲೆಕ್ಟ್ರಾನುಗಳೂ ಜೋಡಿಯಾಗಿರುವುದರಿಂದ ಪ್ರಬಲ ಕಾಂತವು ಅದನ್ನು ಅತ್ಯಲ್ಪವಾಗಿ ದೂರ ತಳ್ಳುತ್ತದೆ. ಗಾಜು ಮೊದಲಾದ ವಸ್ತುಗಳಲ್ಲಿ ಈ ಗುಣವನ್ನು ಮೈಕೇಲ್ ಫ್ಯಾರಡೆಯು 1845ರಲ್ಲಿ ತೋರಿಸಿಕೊಟ್ಟನು. ಆದರೆ ಕಬ್ಬಿಣದ ಅಯಾನುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಇಲ್ಲವೆ ಐದು ಎಲೆಕ್ಟ್ರಾನುಗಳು ಒಂಟಿಯಾಗಿ ಉಳಿದಿರುತ್ತವೆ. ಕಾಗೆಬಂಗಾರದಲ್ಲಿ ಮೆಗ್ನೀಸಿಯಮ್ಮಿನ ಸ್ಥಾನಗಳನ್ನೂ, ಫೆಲ್‌ಸ್ಪಾರಿನಲ್ಲಿ ಅತ್ಯಲ್ಪವಾಗಿ ಅಲ್ಯೂಮಿನಿಯಮ್ಮಿನ ಸ್ಥಾನಗಳನ್ನೂ ಕಬ್ಬಿಣವು ಆಕ್ರಮಿಸುತ್ತದೆ. ಅಲ್ಲಿ ಈ ಅಯಾನುಗಳು ಒಂದಕ್ಕೊಂದು ಕಟ್ಟುಬೀಳದೆ, ಶಾಖದಿಂದ ಸದಾ ದಿಕ್ಕುಗೆಟ್ಟಿರುತ್ತವೆ. ಕಾಂತವು ಹತ್ತಿರ ಬಂದಾಗ ಅದರತ್ತ ತುಸುವೇ ವಾಲುತ್ತವೆ. ಅದು ದೂರವಾದೊಡನೆ ಮತ್ತೆ ಚದರುತ್ತವೆ. ಕರಿಯ ಕಾಗೆಬಂಗಾರದ ತೆಳುವಾದ ಚೂರೊಂದನ್ನು ರೇಷ್ಮೆಯ ಎಳೆಗೆ ತೂಗುಹಾಕಿ, ಪ್ರಬಲವಾದ ನಿಯೋಡಿಮಿಯಮ್ ಕಾಂತವನ್ನು ಸಮೀಪಕ್ಕೆ ತಂದರೆ ಈ ಮಂದವಾದ ಸೆಳೆತವನ್ನು ಕಣ್ಣಾರೆ ಕಾಣಬಹುದು.

ಮ್ಯಾಗ್ನೆಟೈಟಿನ ಸಂಗತಿಯೇ ಬೇರೆ. ಅಲ್ಲಿ ಅಯಾನುಗಳು ಆಕ್ಸಿಜನ್ನಿನ ಮೂಲಕ ಪರಸ್ಪರ ಬಿಗಿಯಲ್ಪಟ್ಟು ಎರಡು ಪಂಗಡಗಳಾಗಿ ಇದಿರುಬದಿರಾಗಿ ನಿಲ್ಲುತ್ತವೆ; ಪಂಗಡಗಳ ಬಲವು ಸಮವಲ್ಲದ್ದರಿಂದ ಪ್ರಬಲ ಕಾಂತತ್ವವು ಉಳಿಯುತ್ತದೆ. ಬೆಣಚಿನ ಗಾತ್ರದಲ್ಲಿ ಹತ್ತು ಲಕ್ಷಕ್ಕೆ 10 ಭಾಗದಷ್ಟು ಮ್ಯಾಗ್ನೆಟೈಟ್ ಧೂಳು ಸೇರಿದರೂ ಸಾಕು, ಅದರ ವಿಕರ್ಷಣೆಯು ಆಕರ್ಷಣೆಯಾಗಿ ಮಾರ್ಪಡುತ್ತದೆ!

ಪಿಂಗಾಣಿ ಮತ್ತು ಗಾಜಿನ ತಯಾರಿಕೆಗೆ ಈ ಭೇದವು ಮುಖ್ಯವಾದುದು. ಕಬ್ಬಿಣವು ಪಿಂಗಾಣಿಯಲ್ಲಿ ಕಂದು ಚುಕ್ಕೆಗಳನ್ನೂ ಗಾಜಿನಲ್ಲಿ ಹಸಿರು ಛಾಯೆಯನ್ನೂ ಉಂಟುಮಾಡುತ್ತದೆ. ಖನಿಜದ ಪುಡಿಯನ್ನು ಪ್ರಬಲ ಕಾಂತಗಳ ನಡುವೆ ಹಾಯಿಸಿ, ಬೆರೆತಿರುವ ಮ್ಯಾಗ್ನೆಟೈಟ್, ಕಾಗೆಬಂಗಾರಗಳ ಕಣಗಳನ್ನು ತೆಗೆದುಹಾಕಬಹುದು. ಹರಳಿನ ರಚನೆಯಲ್ಲೇ ಸೇರಿಹೋದ ಕಬ್ಬಿಣವನ್ನು ಹಾಗೆ ಹೊರಗೆಳೆಯಲಾಗದು. ಆದುದರಿಂದ ಸೂಜಿಗಲ್ಲು ಹೇಳುವುದು ಕಲ್ಲಿನಲ್ಲಿ ಕಬ್ಬಿಣ ಎಷ್ಟಿದೆ ಎಂಬುದನ್ನಷ್ಟೇ ಅಲ್ಲ, ಅದು ಹೇಗೆ ನೆಲೆಸಿದೆ ಎಂಬುದನ್ನು.